ನಿಂತ ಕಾರಿಗೆ ಮೊದಲು ಕಿವಿ, ಆಮೇಲೆ ಕಾಸು

ಮೇ ತಿಂಗಳ ಒಂದು ಭಾನುವಾರ. ಉಪ್ಪಿನಂಗಡಿಯಲ್ಲಿ ನೆಂಟರ ಮನೆ ಒಕ್ಕಲಿನ ಊಟ ಮುಗಿಸಿಕೊಂಡು ಬೆಂಗಳೂರಿಗೆ ಹೊರಟಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿದ್ದ ಗಾಡಿ ಒಂದು ಮಾತೂ ಆಡದೆ ನಿಂತುಬಿಟ್ಟಿತು. ಎಳೆದಾಟವಿಲ್ಲ, ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ. ಪಕ್ಕದಲ್ಲಿ ಕೂತವರು ಕೀ ತಿರುಗಿಸಿ ಆಫ್ ಮಾಡಿದ ಹಾಗೆ. ಸ್ಟೇರಿಂಗ್ ಕಲ್ಲಾಯಿತು, ಹಿಂದಿನ ಟ್ಯಾಂಕರಿನವನು ಹಾರನ್ ಮೇಲೆ ಕೈಯಿಟ್ಟ. 2012ರ ಪೆಟ್ರೋಲ್ ಗಾಡಿ, ಅಷ್ಟರಲ್ಲಿ 1,14,000 ಕಿ.ಮೀ. ಓಡಿತ್ತು.

ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ಘಾಟಿ ಮುಗಿಸಿ ಸ್ವಲ್ಪ ದೂರ ಬರುವಷ್ಟರಲ್ಲಿ ಮತ್ತೆ ಅದೇ ಕಥೆ. ದಾರಿಯಲ್ಲಿ ಸಿಕ್ಕ ಗ್ಯಾರೇಜಿನವರು ಸೆಲ್ಫ್ ಹೊಡೆದು ನೋಡಿ, ಪೈಪು ಬಿಚ್ಚಿ ನೋಡಿ, 'ಪೆಟ್ರೋಲೇ ಬರ್ತಿಲ್ಲ ಸಾರ್, ಪಂಪ್ ಹೋಗಿದೆ' ಅಂದರು. ಆ ರಾತ್ರಿ ಲಾಡ್ಜು, ಮರುದಿನ ಹಾಸನದಿಂದ ಪಂಪು. ಲೇಬರ್ ಸೇರಿ 8,900 ರೂಪಾಯಿ ಕೊಟ್ಟು ಹೊರಟವರು ಚನ್ನರಾಯಪಟ್ಟಣ ದಾಟಿದ ಮೇಲೆ ಮತ್ತೆ ರಸ್ತೆ ಬದಿಯಲ್ಲಿದ್ದೆವು.

ಕೊನೆಗೆ ರೋಗ ಹಿಡಿದದ್ದು ಬೆಂಗಳೂರಿನ ನಮ್ಮ ಏರಿಯಾದ ಮೇಸ್ತ್ರಿ. ಅವರು ಏನನ್ನೂ ಬಿಚ್ಚಲಿಲ್ಲ. ಗಾಡಿಯನ್ನು ನಿಂತಲ್ಲೇ ಓಡಲು ಬಿಟ್ಟು ಕಾಫಿಗೆ ಹೋದರು. ನಲವತ್ತು ನಿಮಿಷಕ್ಕೆ ಇಂಜಿನ್ ತಾನಾಗಿ ನಿಂತಿತು. ಬಂದು ಸೆಲ್ಫ್ ಹೊಡೆಯುತ್ತಾ ನನಗೆ ಆರ್‌ಪಿಎಂ ಮುಳ್ಳು ತೋರಿಸಿದರು: ಇಂಜಿನ್ ಗರಗರ ತಿರುಗುತ್ತಿದೆ, ಮುಳ್ಳು ಮಾತ್ರ ಸೊನ್ನೆಯಲ್ಲಿ ಅಂಗಾತ ಮಲಗಿದೆ. ಬಾನೆಟ್ ಎತ್ತಿ, ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಸಂದಿಯಲ್ಲಿದ್ದ ಹೆಬ್ಬೆರಳು ಗಾತ್ರದ ಕಪ್ಪು ಪ್ಲಾಸ್ಟಿಕ್ ತುಂಡಿನ ಮೇಲೆ ಒದ್ದೆ ಬಟ್ಟೆ ಸುತ್ತಿದರು. ಐದು ನಿಮಿಷ. ಕೀ ತಿರುಗಿಸಿದರು. ಸ್ಟಾರ್ಟ್. ಕ್ರ್ಯಾಂಕ್ ಸೆನ್ಸರ್ 1,450, ಲೇಬರ್ 400.

ಅಂದರೆ 1,850 ರೂಪಾಯಿಯ ಕಾಯಿಲೆಗೆ ಮೊದಲು 8,900ರ ಔಷಧಿ ಕುಡಿಸಿದ್ದೆ. ಗ್ಯಾರೇಜ್ ಬಿಲ್ಲು ದೊಡ್ಡದಾಗುವುದಕ್ಕೆ ಮೋಸ, ದುರಾಸೆ ಅಂತೆಲ್ಲ ನಾವು ಹೇಳುತ್ತೇವೆ. ನಾನು ಕಂಡ ಮಟ್ಟಿಗೆ ಅದಕ್ಕಿಂತ ಹೆಚ್ಚು ದುಡ್ಡು ಹೋಗುವುದು 'ಬದಲಾಯಿಸಿ ನೋಡೋಣ' ಎನ್ನುವ ಎರಡು ಪದಗಳಿಂದ. ಅದನ್ನು ತಪ್ಪಿಸಲು ನೀವು ಮೆಕ್ಯಾನಿಕ್ ಆಗಬೇಕಿಲ್ಲ. ಗಾಡಿ ಹೇಗೆ ನಿಂತಿತು, ಕೀ ತಿರುಗಿಸಿದರೆ ಏನು ಸದ್ದು ಮಾಡಿತು, ಆರಿದ ಮೇಲೆ ಏನಾಯಿತು ಎಂಬ ಮೂರು ಸಂಗತಿ ನೆನಪಿಟ್ಟು ಸರಿಯಾಗಿ ಹೇಳಿದರೆ ಸಾಕು.

ಅದಕ್ಕೂ ಮೊದಲು ಜೀವ. ಇಂಜಿನ್ ಆಫ್ ಆದರೂ ಬ್ರೇಕಿಗೆ ಒಂದೆರಡು ಸಲ ಒತ್ತುವಷ್ಟು ನೆರವು ಉಳಿದಿರುತ್ತದೆ, ಅದನ್ನು ಪಂಪ್ ಮಾಡಿ ಹಾಳು ಮಾಡಬೇಡಿ. ಸ್ಟೇರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗಿಬಿಡುತ್ತದೆ. ಎಡಕ್ಕೆ ಸರಿಸಿ ಹಜಾರ್ಡ್ ದೀಪ, ಹ್ಯಾಂಡ್‌ಬ್ರೇಕ್, ಏರಿನಲ್ಲಾದರೆ ಚಕ್ರಕ್ಕೆ ಕಲ್ಲು. ಕೆಂಪು ತ್ರಿಕೋನವನ್ನು ಗಾಡಿಯ ಬಾಲಕ್ಕೆ ಅಂಟಿಸಿಡದೆ ಐವತ್ತು ಹೆಜ್ಜೆಯಾದರೂ ಹಿಂದಿಡಿ, ತಿರುವಿದ್ದರೆ ತಿರುವಿನ ಆಚೆಗೇ ಇಡಿ. ಲಾರಿಯವರು ರಸ್ತೆಗೆ ಸೊಪ್ಪಿನ ಕೊಂಬೆ ಹಾಕುವುದು ಇದಕ್ಕೇ, ಒಳ್ಳೆಯ ಪದ್ಧತಿ. ಹೊರಡುವಾಗ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋಗುವುದು ಮಾತ್ರ ಕೆಟ್ಟ ಪದ್ಧತಿ. ಜನರನ್ನು ಇಳಿಸಿ ರಸ್ತೆಯಿಂದಾಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಿ, ಅಪಾಯದ ಜಾಗವಾದರೆ 112.

ಇನ್ನು ಸದ್ದಿನ ವಿಷಯ.

ಕೀ ತಿರುಗಿಸಿದರೆ ಏನೂ ಇಲ್ಲ, ಡ್ಯಾಶ್‌ಬೋರ್ಡ್ ದೀಪವೂ ಮಂಕು: ಬ್ಯಾಟರಿ, ಇಲ್ಲವೇ ಅದರ ಟರ್ಮಿನಲ್. ಬಾನೆಟ್ ಎತ್ತಿ ಟರ್ಮಿನಲ್ ಅಲ್ಲಾಡಿಸಿ ನೋಡಿ. ಮೈಲುತುತ್ತದಂಥ ನೀಲಿ ಅಥವಾ ಬಿಳಿ ಪುಡಿ ಕೂತಿದ್ದರೆ ಬಿಸಿನೀರು ಹುಯ್ದು ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. 'ಟಕಟಕಟಕ' ಎಂದು ಮಿಡತೆ ಕೂಗಿದಂತೆ ಕೇಳಿದರೆ ಬ್ಯಾಟರಿಯಲ್ಲಿ ಕರೆಂಟಿದೆ, ಸೆಲ್ಫ್ ಎಳೆಯುವಷ್ಟಿಲ್ಲ. ಒಂದೇ ಒಂದು 'ಟಕ್' ಎಂದು ಸುಮ್ಮನಾದರೆ ಅನುಮಾನ ಸೆಲ್ಫ್ ಮೋಟರಿನ ಮೇಲೆ ಹೋಗಬೇಕು. ಎರಡನ್ನೂ ಬೇರ್ಪಡಿಸುವ ಸುಲಭದ ಉಪಾಯವೊಂದಿದೆ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಸತ್ತೇ ಹೋದರೆ ಬ್ಯಾಟರಿ, ಬೆಳಕು ಹಾಗೇ ಇದ್ದು 'ಟಕ್' ಅಂದರೆ ಸೆಲ್ಫ್. ಐನೂರು ರೂಪಾಯಿಯ ಮಲ್ಟಿಮೀಟರ್ ಇದ್ದವರಿಗೆ ಇನ್ನೂ ಸ್ಪಷ್ಟ: ರಾತ್ರಿಯೆಲ್ಲ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12ರ ಹತ್ತಿರ ಬಂದಿದ್ದರೆ ಬರಿದಾಗಿದೆ. ಇಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಇರಬೇಕು. ಓಡುವಾಗಲೂ 12ರಲ್ಲೇ ನಿಂತಿದ್ದರೆ ಕೆಟ್ಟಿರುವುದು ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್. ಹೊಸ ಬ್ಯಾಟರಿ ಹಾಕಿಸಿದರೂ ಅದು ನಾಳೆ ನಾಡಿದ್ದು ಸಾಯುತ್ತದೆ. ಬ್ಯಾಟರಿ ಅಂಗಡಿಗೆ ಹೋದವರಿಗೆ ಬ್ಯಾಟರಿಯೇ ಸಿಗುವುದು ಸಹಜ, ಆದ್ದರಿಂದ ಈ ಎರಡನೇ ಅಳತೆ ಆಗದೆ ದುಡ್ಡು ಕೊಡಬೇಡಿ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಜೇಬು ಖಾಲಿಯಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಪೆಟ್ರೋಲ್ ಇಂಜಿನ್ನಿಗೆ ಬೇಕಾದ್ದು ಗಾಳಿ, ಪೆಟ್ರೋಲು, ಸರಿಯಾದ ಗಳಿಗೆಗೆ ಒಂದು ಕಿಡಿ, ಮತ್ತು ಇವನ್ನು ಒತ್ತಿಹಿಡಿಯುವ ಸಿಲಿಂಡರು. ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ, ಎಸಿ ಫ್ಯಾನು, ರೇಡಿಯೋ ಎಲ್ಲ ನಿಲ್ಲಿಸಿ ಹಿಂದಿನ ಸೀಟಿನ ಕಡೆ ಕಿವಿಗೊಡಿ. ಎರಡು ಸೆಕೆಂಡು 'ಗುಂಯ್' ಎಂದು ಸಣ್ಣಗೆ ಕೇಳಿಸಿದರೆ ಟ್ಯಾಂಕಿನೊಳಗಿನ ಪಂಪಿಗೆ ಜೀವವಿದೆ. ಆಮೇಲೆ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಇಂಜಿನ್ ತಿರುಗುವಾಗ ಅದು ಇನ್ನೂರು, ಮುನ್ನೂರಕ್ಕಾದರೂ ಮಿಸುಕಾಡಬೇಕು.

ನಮ್ಮ ಗಾಡಿಯಲ್ಲಿ ಮುಳ್ಳು ಮಿಸುಕಲಿಲ್ಲ. ಕ್ರ್ಯಾಂಕ್ ಸೆನ್ಸರ್ ಎಂದರೆ ಇಂಜಿನ್ನಿನ ಮುಖ್ಯ ದಂಡದ ಜೊತೆ ತಿರುಗುವ ಹಲ್ಲಿನ ಚಕ್ರವನ್ನು ನೋಡುತ್ತಾ ಕೂತ ಕಾವಲುಗಾರ. ಚಕ್ರದ ಹಲ್ಲುಗಳ ಸಾಲಿನಲ್ಲಿ ಒಂದು ಕಡೆ ಬೇಕೆಂದೇ ಹಲ್ಲು ಬಿಟ್ಟಿರುತ್ತಾರೆ. ಆ ಬೊಚ್ಚು ಜಾಗ ಹಾದುಹೋದದ್ದನ್ನು ಕಂಡು, ಪಿಸ್ಟನ್ ಈಗ ಎಲ್ಲಿದೆ ಎಂದು ಇಸಿಯು ಎಂಬ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಸೆನ್ಸರಿನೊಳಗಿನ ಕೂದಲೆಳೆಯಂಥ ತಂತಿಯ ಸುರುಳಿ ಹಳತಾದಾಗ ಬಿಸಿಗೆ ಹಿಗ್ಗಿ ಸಂಪರ್ಕ ಬಿಡುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಬಿಸಿಯಾದಾಗ ಫಟ್ಟೆಂದು ನಿಲ್ಲುವುದು, ಆರಿದ ಮೇಲೆ ಏಳುವುದು ಈ ಕಾಯಿಲೆಯ ಹೆಬ್ಬೆಟ್ಟಿನ ಗುರುತು. ಪೆಟ್ರೋಲ್ ಪಂಪು ಸೋಲುವ ರೀತಿ ಬೇರೆ: ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ, ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ಮುಗ್ಗರಿಸಿ ಮುಗ್ಗರಿಸಿ ನಿಲ್ಲುತ್ತದೆ.

ಹಾಗಾದರೆ ಮೊದಲ ಗ್ಯಾರೇಜಿನವರು ಪೈಪಿನಲ್ಲಿ ಪೆಟ್ರೋಲ್ ಬರುತ್ತಿಲ್ಲ ಎಂದದ್ದು ಸುಳ್ಳೇ? ಸುಳ್ಳಲ್ಲ. ಇಂಜಿನ್ ತಿರುಗುತ್ತಿರುವ ಸುದ್ದಿ ಸೆನ್ಸರಿನಿಂದ ಬಾರದಿದ್ದರೆ ಇಸಿಯು ಪಂಪಿನ ಕರೆಂಟನ್ನೇ ಕಡಿದುಬಿಡುತ್ತದೆ. ಅಪಘಾತವಾಗಿ ಇಂಜಿನ್ ನಿಂತಾಗ ಪೆಟ್ರೋಲ್ ಸುರಿಯುತ್ತಲೇ ಇರಬಾರದು ಎಂಬ ಮುನ್ನೆಚ್ಚರಿಕೆ ಅದು. ಅವರು ಕಂಡದ್ದು ನಿಜ, ಕಟ್ಟಿದ ತೀರ್ಮಾನ ತಪ್ಪು. ಅದರಲ್ಲಿ ನನ್ನ ಪಾಲೂ ಇತ್ತು. ಗ್ಯಾರೇಜಿಗೆ ಕಾಲಿಡುತ್ತಲೇ 'ಪೆಟ್ರೋಲ್ ಸಪ್ಲೈ ಪ್ರಾಬ್ಲಂ ಅನ್ಸುತ್ತೆ ಅಣ್ಣ' ಎಂದು ಜಾಣತನ ತೋರಿಸಿದವನು ನಾನೇ. ಡಾಕ್ಟರ ಮುಂದೆ ಹೊಟ್ಟೆನೋವು ಅನ್ನುವ ಬದಲು 'ಅಪೆಂಡಿಕ್ಸ್ ತೆಗೀರಿ' ಅಂದಂತೆ. ಲಕ್ಷಣ ಹೇಳಿ, ಪಾರ್ಟಿನ ಹೆಸರು ಹೇಳಬೇಡಿ.

ಸೆಲ್ಫ್ ಹೊಡೆಯುವಾಗ ಎಂದಿಗಿಂತ ವೇಗವಾಗಿ, ಹಗುರವಾಗಿ 'ಸುಯ್ಯ್' ಎಂದು ತಿರುಗಿದರೆ ತಕ್ಷಣ ಕೈಬಿಡಿ. ಪಿಸ್ಟನ್ನಿಗೂ ಸಿಲಿಂಡರಿನ ಬಾಗಿಲುಗಳಾದ ವಾಲ್ವುಗಳಿಗೂ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಹಲವು ಇಂಜಿನ್ನುಗಳಲ್ಲಿ ಬೆಲ್ಟ್ ಇಲ್ಲದೆ ತಿರುಗಿಸಿದಷ್ಟೂ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಟುಕುತ್ತಿದ್ದರೆ ಗಾಡಿಗೆ ಕೀ ಗುರುತು ಸಿಗುತ್ತಿಲ್ಲ ಅಂತ, ಇನ್ನೊಂದು ಕೀ ತಂದು ನೋಡಿ.

ಮಳೆನೀರು ತುಂಬಿದ ಅಂಡರ್‌ಪಾಸಿನಲ್ಲಿ ನಿಂತ ಗಾಡಿಯದು ಬೇರೆಯೇ ನಿಯಮ: ಕೀ ಮುಟ್ಟಬೇಡಿ. ಗಾಳಿ ಎಳೆಯುವ ಬಾಯಿಂದ ಸಿಲಿಂಡರಿಗೆ ನೀರು ಹೋಗಿರುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಇನ್ನೊಮ್ಮೆ ಸೆಲ್ಫ್ ಹೊಡೆದರೆ ಬಾಗುವುದು ಪಿಸ್ಟನ್ನನ್ನು ಮುಖ್ಯ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯೆಲ್ಲ ನೀರು ನಿಂತಾಗ ಬೆಂಗಳೂರಿಗರು ಈ ಪಾಠವನ್ನು ದುಬಾರಿ ಫೀಸು ಕೊಟ್ಟು ಕಲಿತರು. ನೀರಿನಿಂದ ತಳ್ಳಿ ಹೊರತೆಗೆದು, ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಬಸಿಸಿ, ಎಣ್ಣೆ ಬದಲಿಸಿದರೆ ಎಷ್ಟೋ ಇಂಜಿನ್ನುಗಳು ಉಳಿಯುತ್ತವೆ.

ಘಾಟಿಯಲ್ಲಿ ಹೀಟ್ ಆಗಿ ನಿಂತ ಗಾಡಿಯ ಬಗ್ಗೆಯೂ ಒಂದು ಮಾತು. ಟೆಂಪರೇಚರ್ ಮುಳ್ಳು ಏರಿತೆಂದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ. ಹೀಟರು ಇಂಜಿನ್ನಿನ ಬಿಸಿಯನ್ನೇ ಒಳಗೆ ತಂದು ಸುರಿಯುತ್ತದೆ, ನೀವು ಬೆವರಿದಷ್ಟು ಇಂಜಿನ್ನಿಗೆ ನೆಮ್ಮದಿ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಮುಕ್ಕಾಲು ಗಂಟೆ ಮುಟ್ಟಬೇಡಿ. ಒಳಗೆ ಪ್ರೆಶರ್ ಕುಕ್ಕರಿನಂತೆ ಒತ್ತಡ ಇರುವುದರಿಂದ ಇಂಜಿನ್ ತಣಿಸುವ ಕೂಲೆಂಟು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆರೆದ ಕ್ಷಣ ಎಲ್ಲವೂ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಒಡೆದ ಹೋಸ್ ಪೈಪು, ಕೆಟ್ಟ ಫ್ಯಾನ್ ರಿಲೇ, ಇವೆಲ್ಲ ಕೆಲವು ನೂರು ರೂಪಾಯಿಯ ಮಾತು. ಮುಳ್ಳು ಏರಿದ ಮೇಲೂ 'ಇನ್ನೇನು ಬಂತು ಊರು' ಎಂದು ಎಂಟು ಕಿಲೋಮೀಟರ್ ಓಡಿಸಿದರೆ ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಬೆಂಡಾಗಿ, ಅದರಡಿಯ ಗ್ಯಾಸ್ಕೆಟ್ ಹೋಗಿ, ಬಿಲ್ಲು ಸಾವಿರಗಳ ಬದಲು ಹತ್ತು ಸಾವಿರಗಳಲ್ಲಿ ಬರುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಮೈಯಲ್ಲಿ ಹಾಲು ಹೆಚ್ಚಾದ ಕಾಫಿಯಂಥ ಕೆನೆ ಕಂಡರೆ ಕೂಲೆಂಟು ಎಣ್ಣೆಗೆ ಸೇರಿರುವ ಅನುಮಾನ ಬಲವಾಗುತ್ತದೆ. ಆಗ ಸ್ಟಾರ್ಟ್ ಮಾಡುವ ಯೋಚನೆ ಬಿಟ್ಟು ಟೋಯಿಂಗ್‌ನವರನ್ನು ಕರೆಯಿರಿ.

ಸ್ಕ್ಯಾನರ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. 2013ರಿಂದೀಚಿನ ಕಾರುಗಳಲ್ಲಿ, ಅದಕ್ಕೂ ಹಿಂದಿನ ಹಲವದರಲ್ಲಿ, ಸ್ಟೇರಿಂಗ್ ಕೆಳಗೆ ಹದಿನಾರು ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಇಸಿಯು ಗುರುತಿಸಿಟ್ಟ ದೋಷದ ಕೋಡು ಮೊಬೈಲಿಗೇ ಬರುತ್ತದೆ. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟು, ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗು. ಆದರೆ ಕೋಡು ದೂರು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಪಿ0171 ಬಂದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ ಎಂದಷ್ಟೇ ಅರ್ಥ. ಕಾರಣ ಸೀಳಿದ ರಬ್ಬರ್ ಪೈಪು ಇರಬಹುದು, ಕೊಳೆಯಾದ ಗಾಳಿ ಸೆನ್ಸರ್ ಇರಬಹುದು, ಸೋತ ಪಂಪೂ ಇರಬಹುದು. ಮೊದಲ ಎರಡಕ್ಕೆ ನೂರರ ಲೆಕ್ಕದಲ್ಲಿ ಮುಗಿಯುತ್ತದೆ, ಮೂರನೆಯದಕ್ಕೆ ಸಾವಿರದ ಲೆಕ್ಕ. ಇನ್ನೊಂದು ವಿಷಯ: ಬ್ಯಾಟರಿ ಬಿಚ್ಚಿದರೆ ಹಲವು ಗಾಡಿಗಳಲ್ಲಿ ಕೋಡು ಅಳಿಸಿಹೋಗುತ್ತದೆ. ನಮ್ಮ ಗಾಡಿಯ ಪಂಪು ಬದಲಿಸುವಾಗ ಆದದ್ದು ಅದೇ. ಏನನ್ನಾದರೂ ಬಿಚ್ಚುವ ಮುನ್ನ ಸ್ಕ್ಯಾನ್ ಮಾಡಿಸಿ ಪರದೆಯ ಫೋಟೋ ಇಟ್ಟುಕೊಳ್ಳಿ.

ಈಗ ದುಡ್ಡು. ಗ್ಯಾರೇಜಿನಲ್ಲಿ ಮೊದಲು ಕೇಳಬೇಕಾದ್ದು 'ಎಷ್ಟಾಗುತ್ತೆ?' ಅಂತಲ್ಲ, 'ಹೇಗೆ ಗೊತ್ತಾಯ್ತು?' ಅಂತ. ಒಳ್ಳೆಯ ಮೇಸ್ತ್ರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ, ಬಾನೆಟ್ ಎತ್ತಿ ತೋರಿಸುತ್ತಾರೆ. 'ಅನುಭವದಿಂದ ಹೇಳ್ತಿದೀನಿ' ಎಂಬ ಉತ್ತರ ಬಂದರೆ, ಹುಡುಕಿ ಕೊಡುವುದಕ್ಕೇ ಬೇರೆ ಕೂಲಿ ಕೊಡುತ್ತೇನೆ ಅನ್ನಿ. ಐನೂರೋ ಸಾವಿರವೋ ಆಗಲಿ, ತಪ್ಪು ಪಂಪಿಗಿಂತ ಅಗ್ಗ. ಎಸ್ಟಿಮೇಟನ್ನು ವಾಟ್ಸಾಪಿನಲ್ಲಾದರೂ ಬರಹದಲ್ಲಿ ಪಡೆದು, 'ಇದಕ್ಕಿಂತ ಹೆಚ್ಚಾಗುವುದಿದ್ದರೆ ಕೇಳಿಯೇ ಮಾಡಿ' ಎಂದು ಅಲ್ಲೇ ಉತ್ತರಿಸಿ. ಆ ಒಂದು ಸಾಲು ಮುಂದೆ ದಾಖಲೆ.

ಎಸ್ಟಿಮೇಟಿನಲ್ಲಿ 'ಅಸೆಂಬ್ಲಿ' ಎಂಬ ಪದ ಕಂಡರೆ ಬೆರಳಿಟ್ಟು ಕೇಳಿ. ಆಲ್ಟರ್ನೇಟರ್ ಅಸೆಂಬ್ಲಿ ಎಂದರೆ ಇಡೀ ಡಬ್ಬ. ಸವೆದಿರುವುದು ಅದರೊಳಗಿನ ಕಾರ್ಬನ್ ಬ್ರಷ್ಷೋ ಬೇರಿಂಗೋ ಆಗಿದ್ದರೆ ಆಟೋ ಎಲೆಕ್ಟ್ರಿಷಿಯನ್ ಅದರ ಸಣ್ಣ ಪಾಲಿನ ಖರ್ಚಿನಲ್ಲಿ ಎಬ್ಬಿಸಿ ಕೊಡುತ್ತಾನೆ. ಸೆಲ್ಫ್ ಮೋಟರಿಗೂ ಇದೇ ಮಾತು. ಪಾರ್ಟಿನಲ್ಲಿ ಕಂಪನಿ ಡಬ್ಬಿಯದು, ಕಂಪನಿಗೇ ಮಾಡಿಕೊಡುವವರು ತಮ್ಮ ಹೆಸರಲ್ಲಿ ಮಾರುವುದು, ಲೋಕಲ್, ಸೆಕೆಂಡ್ ಹ್ಯಾಂಡ್ ಎಂದು ನಾಲ್ಕು ಮೆಟ್ಟಿಲಿವೆ. ಎರಡನೆಯ ಮೆಟ್ಟಿಲು ನನಗೆ ಇಷ್ಟ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಾರ್ಟ್ ನಂಬರ್ ಹಿಡಿದು ಹೋದರೆ ಸಿಗುತ್ತದೆ. ಬಾಗಿಲ ಕನ್ನಡಿ, ಟೇಲ್ ಲ್ಯಾಂಪು, ಪವರ್ ವಿಂಡೋ ಮೋಟರಿನಂಥವನ್ನು ಶಿವಾಜಿನಗರದ ಗುಜರಿಯಿಂದ ತಂದರೂ ತಪ್ಪಿಲ್ಲ. ಬ್ರೇಕು, ಟೈಮಿಂಗ್ ಬೆಲ್ಟು, ಸೆನ್ಸರುಗಳಲ್ಲಿ ಮಾತ್ರ ಲೋಕಲ್‌ಗೆ ಕೈ ಹಾಕಬೇಡಿ. ಲೇಬರಿನಲ್ಲಿ ಚೌಕಾಸಿಗಿಂತ ಯೋಜನೆ ಮುಖ್ಯ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು, ಇಳಿಸಿದಾಗ ರಿಲೀಸ್ ಬೇರಿಂಗನ್ನೂ ಬದಲಿಸಿಬಿಡಿ. ಸಣ್ಣ ಬೇರಿಂಗಿಗೆಂದು ಆರು ತಿಂಗಳ ಮೇಲೆ ಮತ್ತೆ ಇಳಿಸಿದರೆ ಕೂಲಿ ಎರಡು ಸಲ.

ಬಿಲ್ಲಿನ ತೆರಿಗೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 18, ಮೊದಲು ಹೆಚ್ಚಿನವಕ್ಕೆ ಶೇ. 28 ಇತ್ತು. ರಿಪೇರಿ ಕೂಲಿಗೂ ಶೇ. 18. 'ಬಿಲ್ ಇಲ್ಲದಿದ್ರೆ ಕಮ್ಮಿ ಮಾಡ್ತೀನಿ' ಎಂಬ ಮಾತಿಗೆ ಸಣ್ಣ ಕೆಲಸದಲ್ಲಿ ನಾವೆಲ್ಲ ತಲೆಯಾಡಿಸಿದ್ದೇವೆ. ಪಾರ್ಟು ಎರಡೇ ತಿಂಗಳಿಗೆ ಕೈಕೊಟ್ಟಾಗ ವಾರಂಟಿ ಕೇಳಲು ಕೈಯಲ್ಲಿ ಕಾಗದ ಇರುವುದಿಲ್ಲ.

ಇನ್ಶೂರೆನ್ಸ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಕಾಂಪ್ರಹೆನ್ಸಿವ್ ಪಾಲಿಸಿಯೂ ಅಪಘಾತ, ಬೆಂಕಿ, ಕಳವು, ನೆರೆಯಂಥವಕ್ಕೆ. ಸವೆತಕ್ಕೂ ಯಾಂತ್ರಿಕ, ವಿದ್ಯುತ್ ದೋಷಕ್ಕೂ ಅದು ದುಡ್ಡು ಕೊಡುವುದಿಲ್ಲವೆಂದು ಪಾಲಿಸಿಯಲ್ಲೇ ಬರೆದಿರುತ್ತದೆ. ನೀರಿನಲ್ಲಿ ಸೆಲ್ಫ್ ಹೊಡೆದು ಕೆಡಿಸಿಕೊಂಡ ಇಂಜಿನ್ನಿಗೂ ಸಾಮಾನ್ಯವಾಗಿ ಇಲ್ಲ ಎನ್ನುತ್ತಾರೆ, ಅದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಇದೆ. ತಗ್ಗು ಪ್ರದೇಶದಲ್ಲಿ ಮನೆಯಿದ್ದರೆ ಅದನ್ನು ತೆಗೆದುಕೊಳ್ಳುವುದು ಜಾಣತನ. ರಸ್ತೆಬದಿ ನೆರವಿನ ಕವರು ಹಲವರ ಪಾಲಿಸಿಯಲ್ಲಿ ಅವರಿಗೇ ಗೊತ್ತಿಲ್ಲದೆ ಇರುತ್ತದೆ, ಇವತ್ತೇ ತೆರೆದು ನೋಡಿ ನಂಬರನ್ನು ಮೊಬೈಲಿಗೆ ಹಾಕಿಕೊಳ್ಳಿ. ಅದಿಲ್ಲದೆ ಟೋಯಿಂಗ್ ಕರೆದರೆ ಗಾಡಿ ಮೇಲೇರಿಸುವ ಮುನ್ನವೇ ರೇಟು ಮಾತಾಡಿ, ಏರಿದ ಮೇಲೆ ಚೌಕಾಸಿ ನಡೆಯದು. ಆಟೋಮ್ಯಾಟಿಕ್ ಗಾಡಿಯಾದರೆ ಹಗ್ಗ ಕಟ್ಟಿ ಎಳೆಸಬೇಡಿ, ಗೇರ್‌ಬಾಕ್ಸ್ ಸುಟ್ಟೀತು. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ಡೇ ಬೇಕು.

ಜಗಳ ಬಂದರೆ? ಕೂಲಿ ಕೊಡುವವರೆಗೆ ಗಾಡಿಯನ್ನು ಇಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವರಿಗಿದೆ, 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಹಾಗಾಗಿ ಕೀ ಕಿತ್ತುಕೊಂಡು ಓಡುವ ಯೋಚನೆ ಬೇಡ. ದುಡ್ಡು ಕಟ್ಟಿ, ಬಿಲ್ಲಿನ ಮೇಲೆ 'ಆಕ್ಷೇಪಣೆಯೊಂದಿಗೆ ಪಾವತಿ' ಎಂದು ಬರೆದು ಸಹಿ ಹಾಕಿ ಫೋಟೋ ತೆಗೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಬದಲಿಸಿದ ಹಳೆಯ ಪಾರ್ಟನ್ನು ಕೇಳಿ ತೆಗೆದುಕೊಂಡು ಬರುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾನು ತಂದಿದ್ದ ಹಳೆಯ ಪಂಪನ್ನು ನಮ್ಮ ಮೇಸ್ತ್ರಿ ಒರೆಸಿ ಒಣಗಿಸಿ ಎರಡು ವೈರು ಹಿಡಿದು ಕ್ಷಣಮಾತ್ರ ಕರೆಂಟು ಕೊಟ್ಟರು. ಗುಂಯ್ ಅಂತು. ಪಂಪ್ ಹಾಕಿದ ಗ್ಯಾರೇಜಿಗೆ ಆ ವಿಡಿಯೋ ಕಳಿಸಿದೆ. ಅವರು ಲೇಬರಿನ 1,200 ರೂಪಾಯಿ ವಾಪಸ್ ಹಾಕಿದರು. ನಾನು ಸುಮ್ಮನಾದೆ, ಪೆಟ್ರೋಲ್ ಪ್ರಾಬ್ಲಂ ಅಂದಿದ್ದು ನಾನೇ ಅಲ್ಲವೇ.

ಇಷ್ಟು ಹಳೆಯ ಗಾಡಿಗೆ ಯಾಕೆ ಸುರೀತೀರಿ, ಮಾರಿ ಎಂದು ತಮ್ಮ ಹೇಳಿದ. ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಣಕ್ಕೇ ಐದು ಸಾವಿರ ಶುಲ್ಕ, ಫಿಟ್‌ನೆಸ್ ಓಡಾಟ ಬೇರೆ. ಒಂದೇ ರಿಪೇರಿಯ ಖರ್ಚು ಗಾಡಿ ಮಾರಿದರೆ ಬರುವ ದುಡ್ಡಿನ ಅರ್ಧ ದಾಟಿದರೆ ನಾನೂ ಮಾರುತ್ತೇನೆ. ಪಂಪು, ಸೆನ್ಸರು, ಲಾಡ್ಜು ಎಲ್ಲ ಸೇರಿದರೂ ಈ ಸಲ ಅದರ ಹತ್ತಿರವೂ ಬರಲಿಲ್ಲ. ಈಗ ಗ್ಲೋವ್ ಬಾಕ್ಸಿನಲ್ಲಿ ಹಳೆಯ ಬನಿಯನ್ನಿನಲ್ಲಿ ಸುತ್ತಿದ ಒಂದು ಹೊಸ ಕ್ರ್ಯಾಂಕ್ ಸೆನ್ಸರು, ಜೊತೆಗೆ ಹತ್ತನೇ ನಂಬರ್ ಸ್ಪ್ಯಾನರು ಇದೆ.